ಮಕ್ಕಳಿರೋ ಮನೆಗೆ ಗಿಣಿ ತರೋ ಮುಂಚೆ: ಯಾವ್ದು ತರ್ಬೋದು, ಯಾವ್ದು ಬೇಡ

ಮಕ್ಕಳನ್ನ ಮೈಸೂರಿನ ಶುಕವನಕ್ಕೆ ಕರ್ಕೊಂಡು ಹೋಗೋರು ಒಂದು ವಿಷ್ಯ ತಲೇಲಿಟ್ಕೊಂಡು ಹೋಗಿ, ವಾಪಸ್ ಬರುವಾಗ ಕಾರಲ್ಲಿ "ಅಪ್ಪಾ ನಮ್ಗೂ ಒಂದು" ಅನ್ನೋದು ಶುರುವಾಗೇ ಆಗತ್ತೆ. ಗಣಪತಿ ಸಚ್ಚಿದಾನಂದ ಆಶ್ರಮದ ಒಳಗಿರೋ ಆ ಜಾಗದಲ್ಲಿ 468 ಜಾತಿ ಪಕ್ಷಿ ಇವೆ ಅಂತ 2017ರಲ್ಲಿ ಗಿನ್ನೆಸ್‌ನೋರು ದಾಖಲೆ ಕೊಟ್ಟಿದ್ದಾರೆ, ಅಷ್ಟರಲ್ಲಿ ಆಗ ಒಂಬತ್ತು ವರ್ಷ ಆಗಿದ್ದ ನನ್ನ ಮಗ್ಳು ಆರಿಸ್ಕೊಂಡಿದ್ದು ನೀಲಿ-ಹಳದಿ ಮಕಾವ್ ಅನ್ನೋ ದೊಡ್ಡ ಗಿಣಿ, ಐದು ವರ್ಷದ ಮಗ "ನಂಗೆ ಹಸಿರು ಗಿಣಿ, ಮಾತಾಡೋದು" ಅಂದ. ಎರಡೂ ನಮ್ಮನೆಗೆ ಬರೋ ಹಕ್ಕಿ ಅಲ್ಲ. ಕೊನೆಗೆ ಬಂದಿದ್ದು ಎರಡು ಬಜ್ಜಿ, ವರ್ಷ ಕಳೆದ್ಮೇಲೆ ಕಾಕಟೀಲ್ ಅನ್ನೋ ಒಂದು ಜುಟ್ಟಿನ ಗಿಣಿ. ಮಧ್ಯದಲ್ಲಿ ಒಂದು ಮರಿ ಸತ್ತೂ ಹೋಯ್ತು, ಅದು ನನ್ನ ದಡ್ಡತನದಿಂದ, ಅದನ್ನೂ ಮುಂದೆ ಹೇಳ್ತೀನಿ.

(ಬಜ್ಜಿ ಅಂದ್ರೆ ಮೆಣಸಿನಕಾಯಿದಲ್ಲ, ಬಡ್ಜರಿಗಾರ್ ಅನ್ನೋ ಆಸ್ಟ್ರೇಲಿಯಾದ ಪುಟ್ಟ ಗಿಣಿ. ನಮ್ಮ ಕಡೆ ಅಂಗಡೀಲಿ ಇದನ್ನೇ "ಲವ್ ಬರ್ಡ್ಸ್" ಅಂತ ಮಾರ್ತಾರೆ. ನಿಜವಾದ ಲವ್ ಬರ್ಡ್ ಬೇರೆ, ಆಫ್ರಿಕಾದ್ದು, ಬಾಲ ಮೊಂಡು, ಕೊಕ್ಕು ದಪ್ಪ, ಕೋಪ ಮೂಗಿನ ತುದೀಲಿ. ಅಂಗಡಿಯವ್ರು ಏನಾದ್ರೂ ಕರೀಲಿ, ನಿಮಗೆ ವ್ಯತ್ಯಾಸ ಗೊತ್ತಿರ್ಲಿ.)

ಗಿಣಿ ತಗೊಳೋಕೆ ಹೋಗೋರು ಸಾಮಾನ್ಯವಾಗಿ ಬಣ್ಣ ನೋಡ್ತಾರೆ, ಇಲ್ಲಾ ಮಾತಾಡತ್ತಾ ಅಂತ ಕೇಳ್ತಾರೆ. ನನ್ನ ಪ್ರಕಾರ ಎರಡೂ ಆಮೇಲೆ. ಮೊದ್ಲು ನೋಡ್ಬೇಕಾಗಿರೋದು ನಿಮ್ಮನೇಲಿ ಎಲ್ರಿಗಿಂತ ಚಿಕ್ಕ ಮಗುವಿನ ಕೈ. ಆ ಕೈ ಏನು ಮಾಡತ್ತೆ, ಎಷ್ಟು ಹೊತ್ತು ಸುಮ್ನಿರತ್ತೆ, ಅದ್ರ ಮೇಲೆ ಯಾವ ಗಿಣಿ ಅನ್ನೋದು ತೀರ್ಮಾನ ಆಗತ್ತೆ.

ಯಾಕಂದ್ರೆ ಹಕ್ಕಿಗಳಿಗೆ ನಮ್ಮ ಹಾಗೆ ಎದೆ ಹೊಟ್ಟೆ ಮಧ್ಯೆ ವಪೆ ಇಲ್ಲ, ಎದೆ ಮೂಳೆ ಮುಂದೆ ಹಿಂದೆ ಆಡಿದ್ರೇನೇ ಉಸಿರು. ಮಗು ಮುದ್ದು ಬಂದು ಎರಡೂ ಕೈಲಿ ಅಮುಕಿ ಹಿಡ್ಕೊಂಡ್ರೆ ಮೂಗು ಬಾಯಿ ಮುಚ್ದೇ ಇದ್ರೂ ಉಸಿರು ಕಟ್ಟತ್ತೆ, ನೋಡ್ತಾ ನೋಡ್ತಾನೇ ಕಥೆ ಮುಗೀಬೋದು, ಬಜ್ಜಿ ತೂಕಾನೇ ಬರೀ 30-40 ಗ್ರಾಂ ಅಂದ್ರೆ ಊಹಿಸ್ಕೊಳ್ಳಿ, ಒಂದು ಕೋಳಿ ಮೊಟ್ಟೆಗಿಂತ ಕಮ್ಮಿ. ಇನ್ನೊಂದು ಕಡೆ ದೊಡ್ಡ ಗಿಣಿ ತಂದ್ರೆ ಅಪಾಯ ಉಲ್ಟಾ, ಹೆದರಿದ ಮಕಾವ್ ಮಗುವಿನ ಬೆರಳು ಕಚ್ಚಿದ್ರೆ ಹೊಲಿಗೆ ಹಾಕಿಸ್ಬೇಕಾಗತ್ತೆ. ಅಂದ್ರೆ ಹಕ್ಕಿಯಿಂದ ಮಗುಗೂ ಮಗುವಿಂದ ಹಕ್ಕಿಗೂ ಎರಡೂ ಕಡೆ ನೋಡ್ಬೇಕು.

ನಾವು ಮನೇಲಿ ಒಂದು ಪರೀಕ್ಷೆ ಮಾಡಿದ್ವಿ, ನಾನೇ ಕಂಡ್ಕೊಂಡಿದ್ದು, ಶಾಸ್ತ್ರ ಗೀಸ್ತ್ರ ಏನಿಲ್ಲ. ಮಗುನ ಚಾಪೆ ಮೇಲೆ ಕೂರ್ಸಿ, ತೋರುಬೆರಳು ಚಾಚೋಕೆ ಹೇಳಿ, ಬೆರಳ ಮೇಲೆ ಕಡ್ಲೆಕಾಯಿ ಸಿಪ್ಪೆ ಅರ್ಧ ಹೋಳು ಇಡಿ. ಬೀಳಿಸ್ದೆ ಎರಡು ನಿಮಿಷ ಇರ್ಬೇಕು, ಕಿರುಚಬಾರ್ದು. ಮಗ್ಳು ಮೊದಲ್ನೇ ದಿನಾನೇ ಮಾಡಿದ್ಲು. ಮಗನಿಗೆ ಹದಿನೈದು ಸೆಕೆಂಡು. ಅವತ್ತೇ ಗೊತ್ತಾಯ್ತು, ಹಕ್ಕಿ ಕೈ ಮೇಲೆ ಕೂರೋದು ಮಗ್ಳಿಗೆ, ಮಗಂದು ಸದ್ಯಕ್ಕೆ ಕಾಳು ಹಾಕೋ ಇಲಾಖೆ ಮಾತ್ರ, ಅದೂ ಪಂಜರದ ಹೊರಗಿಂದ. ಐದು ವರ್ಷದ ಒಳಗಿನ ಮಕ್ಕಳಿಗೆ ಹಕ್ಕಿ ನೋಡೋಕೆ ಮಾತ್ರ ಅಂತ ಇಟ್ಕೊಂಡ್ರೆ ಒಳ್ಳೇದು. ಆರರಿಂದ ಒಂಬತ್ತು, ದೊಡ್ಡೋರು ಪಕ್ಕದಲ್ಲಿ ಕೂತಿದ್ರೆ ಕೈಯಲ್ಲಿ ತಿನ್ಸ್ಬೋದು. ಹತ್ತು ದಾಟಿದ್ರೆ ನೀರು ಬದಲಾಯಿಸೋದು, ತಟ್ಟೆ ಪೇಪರ್ ತೆಗೆಯೋದು ಒಪ್ಪಿಸ್ಬೋದು, ಆದ್ರೆ ದಿನಾ ರಾತ್ರಿ ನೀವು ಹೋಗಿ ನೀರಿದ್ಯಾ ಅಂತ ನೋಡ್ಲೇಬೇಕು. "ನೀನೇ ನೋಡ್ಕೋಬೇಕು" ಅಂತ ಮಗುವಿಂದ ಆಣೆ ಮಾಡಿಸ್ಕೊಂಡು ಹಕ್ಕಿ ತರೋ ಅಪ್ಪ ಅಮ್ಮಂದಿರನ್ನ ತುಂಬಾ ನೋಡಿದೀನಿ, ಮೂರನೇ ತಿಂಗಳಿಗೆ ಪಂಜರ ಅಜ್ಜಿ ಪಾಲಾಗಿರತ್ತೆ. ಹಕ್ಕಿ ನಿಮ್ದು, ಮಗು ನೋಡಿ ಖುಷಿ ಪಡತ್ತೆ, ಹಾಗಂತ್ಲೇ ಲೆಕ್ಕ ಹಾಕಿ.

ಹಸಿರು ಗಿಣಿ ವಿಷ್ಯ

ನಮ್ಮಜ್ಜಿ ಮನೇಲಿ ಜಗಲಿ ಮೇಲೆ ದುಂಡಗಿನ ಕಬ್ಬಿಣದ ಪಂಜರದಲ್ಲಿ ಒಂದು ಹಸಿರು ಗಿಣಿ ಇತ್ತು, ಕೊರಳಲ್ಲಿ ಗುಲಾಬಿ ಪಟ್ಟಿ, ಬಂದೋರಿಗೆಲ್ಲಾ "ಯಾರದು" ಅಂತ ಕೇಳೋದು. ಊರಲ್ಲಿ ಅರ್ಧ ಮನೇಲಿ ಇದ್ವು, ಸಂತೇಲಿ ಗಿಣಿ ಶಾಸ್ತ್ರದೋನ ಹತ್ರನೂ ಅದೇ. ಅದಕ್ಕೇ ನಮ್ಮಲ್ಲಿ ಗಿಣಿ ಸಾಕೋದು ಅಂದ್ರೆ ತಕ್ಷಣ ಕಣ್ಮುಂದೆ ಬರೋದು ಅದು. ಆದ್ರೆ ಅದನ್ನ ಸಾಕೋದು ಅಪರಾಧ, ಇವತ್ತು ನಿನ್ನೇದಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ನಮ್ಮ ಕಾಡಿನ ಗಿಣಿಗಳನ್ನ ಹಿಡಿಯೋದು, ಮಾರೋದು, ಮನೇಲಿಡೋದು ಎಲ್ಲಾ ಎಷ್ಟೋ ವರ್ಷದಿಂದ ತಪ್ಪು, ಯಾರೂ ಕೇಳ್ತಿರ್ಲಿಲ್ಲ ಅಷ್ಟೇ. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ 2023 ಏಪ್ರಿಲ್ 1ರಿಂದ ಜಾರಿಗೆ ಬಂತು, ಅದ್ರಲ್ಲಿ ಈ ಗಿಣಿನ ಎರಡನೇ ಶೆಡ್ಯೂಲ್‌ಗೆ, ಅಂದ್ರೆ ಕಾಯ್ದೆಯ ಸಂರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಗೆ, ಏರಿಸಿದ್ದಾರೆ, ಶಿಕ್ಷೆ ಮೂರು ವರ್ಷದವರೆಗೂ ಜೈಲು ಇಲ್ಲಾ ಒಂದು ಲಕ್ಷದವರೆಗೂ ದಂಡ, ಎರಡೂ ಆಗ್ಬೋದು. ಕೊರಳ ಪಟ್ಟಿ ಗಿಣಿ ಮಾತ್ರ ಅಲ್ಲ, ರೆಕ್ಕೆ ಮೇಲೆ ಕೆಂಪು ಮಚ್ಚೆ ಇರೋ ದೊಡ್ಡ ಅಲೆಕ್ಸಾಂಡ್ರಿನ್, ನೇರಳೆ ತಲೆ ಗಿಣಿ, ಮಲೆನಾಡಲ್ಲಿ ಕಾಣೋ ನೀಲಿ ರೆಕ್ಕೆ ಗಿಣಿ, ಯಾವ್ದೂ ಇಲ್ಲ.

ಅಂಗಡಿಯೋನು "ಸಾರ್ ಇದು ಸಾಕಿದ್ದು, ಮನೇಲೇ ಹುಟ್ಟಿದ್ದು" ಅಂತಾನೆ, ನಂಬ್ಬೇಡಿ. ಮರದ ಪೊಟರೆಯಿಂದ ಕಣ್ಣು ಬಿಡದೇ ಇರೋ ಮರಿ ಎತ್ಕೊಂಡು ಬಂದಿರ್ತಾರೆ, ಬುಟ್ಟೀಲಿ ತುಂಬಿಸ್ಕೊಂಡು ಬರುವಾಗ ದಾರೀಲೇ ಎಷ್ಟೋ ಸಾಯ್ತವೆ, ಉಳಿದಿದ್ದು ನಮ್ಮ ಮಗುಗೆ ಉಡುಗೊರೆ. ಇನ್ನು ಕೆಲವ್ರು ಹಳದಿ, ನೀಲಿ ಬಣ್ಣದ ರಿಂಗ್‌ನೆಕ್ (ಅದೇ ಕೊರಳ ಪಟ್ಟಿ ಗಿಣಿ) ತೋರ್ಸಿ ಇದು ಫಾರಿನ್ ಅಂತಾರೆ. ಬಣ್ಣ ಬದಲಾದ್ರೂ ಜಾತಿ ಅದೇ, ನಾನಂತೂ ಆ ಕಡೆ ತಲೆ ಹಾಕಲ್ಲ. ತೋಟದಲ್ಲಿ ಬಿದ್ದ ಮರಿ ಸಿಕ್ಕಿದ್ರೆ ಅರಣ್ಯ ಇಲಾಖೆಗೆ ಇಲ್ಲಾ ಹತ್ರದ ಪಕ್ಷಿ ರಕ್ಷಣೆ ಮಾಡೋರಿಗೆ ಫೋನ್ ಮಾಡಿ, "ಪಾಪ ಅಂತ ಸಾಕ್ಕೊಂಡ್ವಿ" ಅನ್ನೋದು ಕಾನೂನಲ್ಲಿ ನಡೆಯಲ್ಲ. ಈಗಾಗ್ಲೇ ಮನೇಲಿ ವರ್ಷಗಟ್ಲೆ ಸಾಕಿದ್ದು ಇದ್ರೆ ಪಂಜರದ ಬಾಗ್ಲು ತೆಗ್ದು ಹಾರಿಬಿಡ್ಬೇಡಿ, ಅದಕ್ಕೆ ಊಟ ಹುಡ್ಕೋಕೂ ಬರಲ್ಲ, ಕಾಗೆ ಹದ್ದಿನಿಂದ ತಪ್ಪಿಸ್ಕೊಳೋಕೂ ಬರಲ್ಲ.

ನನ್ನ ಮಗನಿಗೆ ಇದನ್ನೆಲ್ಲಾ ಹೇಳೋದು ಹೇಗೆ? ಸಂಜೆ ಐದೂವರೆಗೆ ಟೆರೇಸ್ ಮೇಲೆ ಕರ್ಕೊಂಡು ಹೋದೆ, ನಮ್ಮ ಬೀದಿ ಮಳೆ ಮರಕ್ಕೆ ಗಿಣಿ ಹಿಂಡು ಕೀ ಕೀ ಅಂತ ಬರೋ ಹೊತ್ತು. "ಇವೆಲ್ಲಾ ನಿನ್ವೇ, ಪಂಜರ ಮಾತ್ರ ಇಲ್ಲ" ಅಂದೆ. ಒಪ್ಕೊಂಡ ಅಂತ ಸುಳ್ಳು ಹೇಳಲ್ಲ, ಎರಡು ದಿನ ಮುಖ ಊದಿಸ್ಕೊಂಡಿದ್ದ.

ಹಾಗಾದ್ರೆ ಯಾವ್ದು ತರ್ಬೋದು

ಹೊರದೇಶದ ಜಾತಿ, ಇಲ್ಲೇ ಸಾಕಣೆಯಲ್ಲಿ ಹುಟ್ಟಿದ್ದು ತರ್ಬೋದು. ಅದ್ರಲ್ಲೂ ಎರಡು ಥರ. ಕಾಡುಪ್ರಾಣಿ, ಗಿಡಗಳನ್ನ ದೇಶದಿಂದ ದೇಶಕ್ಕೆ ಮಾರೋದರ ಮೇಲೆ ಹಿಡಿತ ಇಡೋ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟೀಲಿ ಗಿಣಿ ಕುಲಾನೇ ಹೆಚ್ಚು ಕಮ್ಮಿ ಪೂರ್ತಿ ಇದೆ, ಹೊರಗಿರೋದು ನಾಲ್ಕೇ ನಾಲ್ಕು: ಬಜ್ಜಿ, ಕಾಕಟೀಲ್, ಪೀಚ್ ಮುಖದ ಲವ್ ಬರ್ಡ್, ಮತ್ತೆ ನಮ್ಮ ಕೊರಳ ಪಟ್ಟಿ ಗಿಣಿ (ಇದು ಆ ಪಟ್ಟೀಲಿ ಇಲ್ಲದೇ ಇದ್ರೂ ನಮ್ಮ ದೇಶದ ಕಾಯ್ದೇಲಿ ಇದೆ, ಗೊಂದಲ ಮಾಡ್ಕೋಬೇಡಿ). ಪಟ್ಟೀಲಿರೋ ಬೇರೆ ಯಾವ್ದೇ ತಂದ್ರೂ, ಕೊನ್ಯೂರ್ (ಉದ್ದ ಬಾಲದ ಚಿಕ್ಕ ಗಿಣಿ) ಇರ್ಲಿ ಆಫ್ರಿಕನ್ ಗ್ರೇ (ಬೂದು ಬಣ್ಣದ ಮಾತಾಡೋ ಗಿಣಿ) ಇರ್ಲಿ ಮಕಾವ್ ಇರ್ಲಿ, 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ತಂದ 30 ದಿನದೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು, ಹಕ್ಕಿ ಸತ್ರೆ, ಮರಿ ಮಾಡಿದ್ರೆ, ಬೇರೆಯೋರಿಗೆ ಕೊಟ್ರೆ ಅದನ್ನೂ ತಿಳಿಸ್ಬೇಕು. ಮೊದಲ್ನೇ ಹಕ್ಕಿಗೇ ಇಷ್ಟೆಲ್ಲಾ ಕಾಗದ ಪತ್ರ ಬೇಕಾ ಅಂತ ಯೋಚ್ನೆ ಮಾಡಿ.

ಬಜ್ಜಿ. ನನ್ನ ಕೇಳಿದ್ರೆ ಮಕ್ಕಳಿರೋ ಮಧ್ಯಮ ವರ್ಗದ ಮನೆಗೆ ಇದೇ ಮೊದಲ್ನೇ ಉತ್ತರ. ದುಡ್ಡು ಕಮ್ಮಿ ಅಂತ ಮಾತ್ರ ಅಲ್ಲ (ನಾನು ಜೋಡಿಗೆ ಆರ್ನೂರು ಕೊಟ್ಟೆ). ಕಚ್ಚಿದ್ರೂ ಚಿವುಟಿದ ಹಾಗೆ, ಕೂಗು ಗುಬ್ಬಚ್ಚಿ ಗಲಾಟೆ ಥರ ಇರತ್ತೆ, ಪಕ್ಕದ ಫ್ಲ್ಯಾಟ್‌ನೋರು ಬಂದು ಬಾಗ್ಲು ಬಡಿಯಲ್ಲ. ಆಯಸ್ಸು ಐದರಿಂದ ಹತ್ತು ವರ್ಷ. ಮಾತು ಬರಲ್ಲ ಅಂತಾರೆ, ತಪ್ಪು. ಕ್ಯಾಲಿಫೋರ್ನಿಯಾದಲ್ಲಿ ಪಕ್ ಅನ್ನೋ ಬಜ್ಜಿ 1,728 ಪದ ಕಲ್ತು ಗಿನ್ನೆಸ್ ಸೇರಿತ್ತು, ದೊಡ್ಡ ದೊಡ್ಡ ಗಿಣಿಗಳನ್ನ ಹಿಂದೆ ಹಾಕಿ. ಗಂಡಿಗೆ ಬರತ್ತೆ, ಹೆಣ್ಣಿಗೆ ಬರೋದು ಅಪರೂಪ, ಒಂಟಿಯಾಗಿದ್ರೆ ಬೇಗ ಬರತ್ತೆ. ಧ್ವನಿ ಮಾತ್ರ ಹಳೇ ಟೇಪ್ ರೆಕಾರ್ಡರ್‌ನ ಫಾಸ್ಟ್ ಫಾರ್ವರ್ಡ್ ಮಾಡಿದ ಹಾಗೆ, ಗಮನ ಇಟ್ಟು ಕೇಳ್ಬೇಕು.

ಕಾಕಟೀಲ್. ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, 80-100 ಗ್ರಾಂ. ಸ್ವಭಾವ ನೋಡಿದ್ರೆ ಎಲ್ಲಾದ್ರಲ್ಲೂ ಮೆದು, ಕೈಗೆ ಬಂದ ಹಕ್ಕಿ ಆದ್ರೆ ತಲೆ ಬಗ್ಗಿಸಿ ಕೆರೀರಿ ಅಂತ ಕೇಳತ್ತೆ. ಮಕ್ಕಳಿಗೆ ಇದ್ರಲ್ಲಿ ಒಂದು ಅನುಕೂಲ ಏನಂದ್ರೆ ಅದ್ರ ಮನಸ್ಸು ಜುಟ್ಟಲ್ಲಿ ಬರ್ದಿರತ್ತೆ, ಜುಟ್ಟು ನೆಟ್ಟಗೆ ನಿಂತ್ರೆ ಗಾಬರಿ, ಅರ್ಧ ಒರಗಿದ್ರೆ ಆರಾಮು, ತಲೆಗೆ ಅಂಟಿಸ್ಕೊಂಡು ಬುಸ್ ಅಂದ್ರೆ ಕೈ ತೆಗಿ. ನನ್ನ ಮಗ ಅಕ್ಷರ ಓದೋ ಮುಂಚೆ ಜುಟ್ಟು ಓದೋದು ಕಲ್ತ. ಮಾತು ಕಮ್ಮಿ, ಗಂಡು ಶಿಳ್ಳೆ ಚೆನ್ನಾಗಿ ಹಾಕತ್ತೆ. ಎರಡು ತೊಂದ್ರೆ ಇದೆ. ಒಂದು, ಮೈಯಿಂದ ಬಿಳೀ ಪುಡಿ ಉದುರತ್ತೆ, ಟಿವಿ ಮೇಲೆ, ಕಪ್ಪು ಸೋಫಾ ಮೇಲೆ ಎಲ್ಲಾ ಕಡೆ, ಮನೇಲಿ ಯಾರ್ಗಾದ್ರೂ ಅಸ್ತಮಾ, ಧೂಳಿನ ಅಲರ್ಜಿ ಇದ್ರೆ ಕಾಕಟೀಲ್ ಬೇಡ್ವೇ ಬೇಡ. ಇನ್ನೊಂದು, ಆಯಸ್ಸು 15-20 ವರ್ಷ. ಒಂಬತ್ತು ವರ್ಷದ ಮಗ್ಳು ಕಾಲೇಜು ಮುಗ್ಸಿ ಕೆಲ್ಸಕ್ಕೆ ಅಂತ ಬೇರೆ ಊರಿಗೆ ಹೋದ್ಮೇಲೂ ಹಕ್ಕಿ ನಿಮ್ ಜೊತೆ ಇರತ್ತೆ, ಲೆಕ್ಕ ಹಾಕಿ ನೋಡಿ.

ಲವ್ ಬರ್ಡ್ ನೋಡೋಕೆ ಗೊಂಬೆ ಥರ, ಆದ್ರೆ ಚಿಕ್ಕ ಮಕ್ಕಳಿದ್ರೆ ನಾನು ಬೇಡ ಅಂತೀನಿ, ಪಂಜರದೊಳಗೆ ಬೆರಳು ಹಾಕಿದ್ರೆ ರಕ್ತ ಬರೋ ಹಾಗೆ ಹಿಡಿಯತ್ತೆ, ಬೇರೆ ಜಾತಿ ಹಕ್ಕಿ ಜೊತೆ ಇಟ್ರೆ ಕಾಲು ಬೆರಳೇ ಕಡಿದು ಹಾಕತ್ತೆ. ಸನ್ ಕೊನ್ಯೂರ್, ಹಳದಿ ಕಿತ್ತಳೆ ಬಣ್ಣದ್ದು, ವಿಡಿಯೋ ನೋಡಿ ಮರುಳಾಗೋ ಹಕ್ಕಿ ಇದು, ಅಪಾರ್ಟ್‌ಮೆಂಟ್‌ನಲ್ಲಿ ತಂದ್ರೆ ಮೂರು ಫ್ಲೋರ್ ಕೆಳಗಿನೋರಿಗೂ ನಿಮ್ಮನೇಲಿ ಹಕ್ಕಿ ಇದೆ ಅಂತ ಗೊತ್ತಾಗತ್ತೆ, ತಂದೋರು ಆರು ತಿಂಗಳಲ್ಲಿ ಮಾರೋಕೆ ಹಾಕಿರ್ತಾರೆ. ಹಸಿರು ಕೆನ್ನೆ ಕೊನ್ಯೂರ್ ಅಷ್ಟು ಕೂಗಲ್ಲ, ಹತ್ತು ಹನ್ನೆರಡು ದಾಟಿದ ಮಕ್ಕಳಿರೋರು, ನೋಂದಣಿ ಮಾಡಿಸೋಕೆ ತಯಾರಿರೋರು ಯೋಚಿಸ್ಬೋದು.

ಆಫ್ರಿಕನ್ ಗ್ರೇ ಬಗ್ಗೆ ಕೇಳೋರು ತುಂಬಾ. ಬುದ್ಧಿ ವಿಷ್ಯಕ್ಕೆ ಬಂದ್ರೆ ಅದಕ್ಕೆ ಸಾಟಿ ಇಲ್ಲ, ಅಲೆಕ್ಸ್ ಅನ್ನೋ ಆಫ್ರಿಕನ್ ಗ್ರೇ ಗಿಣಿ ಬಣ್ಣ, ಆಕಾರ, ಎಣಿಕೆ ಎಲ್ಲಾ ಹೇಳ್ತಿತ್ತು, 2007ರಲ್ಲಿ 31ನೇ ವಯಸ್ಸಲ್ಲಿ ತೀರ್ಕೊಂಡಾಗ ಪ್ರಪಂಚದ ಪತ್ರಿಕೆಗಳಲ್ಲೆಲ್ಲಾ ಸುದ್ದಿ ಬಂತು. ಆದ್ರೆ ಆ ಬುದ್ಧೀನೇ ಕಷ್ಟ. ದಿನಕ್ಕೆ ಗಂಟೆಗಟ್ಲೆ ಜೊತೆ ಇಲ್ಲದೇ ಇದ್ರೆ ಬೇಜಾರಿಗೆ ತನ್ನ ಪುಕ್ಕ ತಾನೇ ಕಿತ್ಕೊಂಡು ಮೈ ಬೋಳು ಮಾಡ್ಕೊಳತ್ತೆ, ಒಬ್ರನ್ನ ಹಚ್ಕೊಂಡು ಮನೆಯೋರನ್ನೆಲ್ಲಾ ಕಚ್ಚತ್ತೆ, ಮಕ್ಕಳ ಓಡಾಟ ಗಲಾಟೆ ಆಗಲ್ಲ, 40-50 ವರ್ಷ ಬದುಕತ್ತೆ. ಕಾಡಿಂದ ಹಿಡಿದೂ ಹಿಡಿದೂ ಸಂಖ್ಯೆ ಇಳಿದಿದ್ದಕ್ಕೆ 2016ರಲ್ಲಿ ಸೈಟಿಸ್ ಸಭೇಲಿ ಅದನ್ನ ಮೊದಲ್ನೇ ಅನುಬಂಧಕ್ಕೆ, ಅಂದ್ರೆ ಅತಿ ಬಿಗಿ ಪಟ್ಟಿಗೆ ಸೇರಿಸಿದ್ರು. ಮಕಾವ್, ಕಾಕಟೂ (ಜುಟ್ಟಿರೋ ದೊಡ್ಡ ಗಿಣಿ) ಕಥೇನೂ ಹೆಚ್ಚು ಕಮ್ಮಿ ಇದೇ. ಶುಕವನದಲ್ಲಿ ನೋಡಿ ಬನ್ನಿ ಸಾಕು.

ಒಂದಾ, ಎರಡಾ? ಹಗಲು ಮನೇಲಿ ಅಜ್ಜಿನೋ ಅಮ್ಮನೋ ಯಾರಾದ್ರೂ ಇದ್ದು ಹಕ್ಕಿ ಜೊತೆ ಮಾತಾಡ್ತಾರೆ ಅಂದ್ರೆ ಒಂದು ಸಾಕು, ಬೇಗ ಹೊಂದ್ಕೊಳತ್ತೆ, ಮಾತೂ ಕಲಿಯತ್ತೆ. ಎಲ್ರೂ ಎಂಟು ಗಂಟೆಗೆ ಸ್ಕೂಲು ಆಫೀಸು ಅಂತ ಬೀಗ ಹಾಕಿ ಹೋಗೋ ಮನೆ ಆದ್ರೆ ಎರಡು ತನ್ನಿ, ಮಾತಿನ ಆಸೆ ಬಿಡಿ. ಎರಡೂ ಗಂಡಾಗಿರ್ಲಿ. ಗಂಡು ಹೆಣ್ಣು ತಂದು ಅಂಗಡಿಯೋರು ಕೊಡೋ ಪುಟ್ಟ ಮಡಕೆ ನೇತು ಹಾಕಿದ್ರೋ, ಮುಗೀತು, ಮೊಟ್ಟೆ ಮೇಲೆ ಮೊಟ್ಟೆ, ಹೆಣ್ಣು ಸೊರಗತ್ತೆ, ಒಂದೊಂದ್ಸಲ ಮೊಟ್ಟೆ ಒಳಗೇ ಸಿಕ್ಕಾಕ್ಕೊಂಡು ಸಾಯತ್ತೆ, ಹುಟ್ಟಿದ ಮರಿ ಯಾರಿಗೆ ಕೊಡೋದು ಅಂತ ನೀವು ಬೀದಿ ಬೀದಿ ಅಲೀಬೇಕು. ಮಡಕೆ ಗೂಡಲ್ಲ, ಅದು ಮರಿ ಮಾಡೋ ಜಾಗ, ರಾತ್ರಿ ಮಲಗೋಕೆ ಕೋಲು ಸಾಕು. ಇದು ಅಂಗಡಿಯೋರು ಯಾರೂ ಹೇಳಲ್ಲ.

ಮನೆ ತಯಾರಿ

ಪಂಜರದ ವಿಷ್ಯ ಚುಟುಕಾಗಿ: ದುಂಡಗಿರೋದು ಬೇಡ, ಎತ್ತರಕ್ಕಿಂತ ಉದ್ದ ಮುಖ್ಯ (ಹಕ್ಕಿ ಹಾರೋದು ಅಡ್ಡಡ್ಡ), ಜೋಡಿ ಬಜ್ಜಿಗೆ ಕನಿಷ್ಠ 30 ಇಂಚು ಉದ್ದ, ಕಂಬಿ ಸಂದಿ ಅರ್ಧ ಇಂಚಿಗಿಂತ ಹೆಚ್ಚಿರ್ಬಾರ್ದು ಇಲ್ದಿದ್ರೆ ತಲೆ ಸಿಗಾಕೊಳತ್ತೆ, ತುಕ್ಕು ಹಿಡಿದಿದ್ದು, ಬಣ್ಣ ಏಳ್ತಿರೋದು ಬೇಡ, ಯಾಕಂದ್ರೆ ಕಚ್ಚಿ ಕಚ್ಚಿ ಲೋಹ ಹೊಟ್ಟೆಗೆ ಹೋಗತ್ತೆ. ಒಳಗೆ ಪ್ಲಾಸ್ಟಿಕ್ ಕೋಲು ತೆಗ್ದು ಸೀಬೆ ಕೊಂಬೆ, ಬೇವಿನ ಕೊಂಬೆ ದಪ್ಪ ಸಣ್ಣ ಎಲ್ಲಾ ಥರದ್ದು ಹಾಕಿ, ಕಾಲಿಗೂ ಒಳ್ಳೇದು, ಸಿಪ್ಪೆ ಸುಲಿಯೋ ಕೆಲ್ಸನೂ ಸಿಗತ್ತೆ.

ಪಂಜರಕ್ಕಿಂತ ಹೆಚ್ಚು ಯೋಚಿಸ್ಬೇಕಾಗಿರೋದು ಸೀಲಿಂಗ್ ಫ್ಯಾನ್. ನಮ್ಮ ಮನೆಗಳಲ್ಲಿ ಹೊರಗೆ ಬಿಟ್ಟ ಹಕ್ಕಿಗೆ ಇದ್ರಷ್ಟು ದೊಡ್ಡ ಯಮ ಇನ್ನೊಂದಿಲ್ಲ. ನಾವು ಹಕ್ಕಿ ಬಿಡೋ ರೂಮಲ್ಲಿ ಫ್ಯಾನ್ ಸ್ವಿಚ್ ಮೇಲೆ ಬ್ರೌನ್ ಟೇಪ್ ಅಂಟಿಸ್ತೀವಿ, ಆಫ್ ಮಾಡಿದ್ರೆ ಸಾಲದು, ಸೆಖೆ ಅಂತ ಬಂದ ನೆಂಟರು ನೋಡ್ದೆ ಹಾಕ್ತಾರೆ. ಕಿಟಕಿಗೆ ಸೊಳ್ಳೆ ಜಾಲರಿ, ಕನ್ನಡಿಗೆ ಬಟ್ಟೆ, ಬಾತ್‌ರೂಮ್ ಬಾಗ್ಲು ಹಾಕಿರ್ಬೇಕು, ಬಕೆಟ್ ನೀರಿಗೆ ಬಿದ್ದು ಸತ್ತಿದ್ದು ಕೇಳಿದೀನಿ. ಒಲೆ ಮೇಲೆ ಸಾರು ಕುದಿಯೋ ಹೊತ್ತಲ್ಲಿ ಹಕ್ಕಿ ಪಂಜರದೊಳಗೇ ಇರ್ಬೇಕು.

ಆಮೇಲೆ ಹೊಗೆ. ಹಕ್ಕಿ ಶ್ವಾಸಕೋಶ ತುಂಬಾ ಸೂಕ್ಷ್ಮ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದ್ರೆ ಬರೋ ಹೊಗೆ ನಮಗೆ ವಾಸ್ನೇನೂ ಬರ್ದೆ ಇರ್ಬೋದು, ಹಕ್ಕಿ ಮಾತ್ರ ನಿಮಿಷಗಳಲ್ಲಿ ಕೆಳಗೆ ಬೀಳತ್ತೆ. ನಾವು ದೋಸೆಗೆ ವಾಪಸ್ ಕಬ್ಬಿಣದ ಕಾವಲಿಗೆ ಬಂದ್ವಿ, ನಿಜ ಹೇಳ್ಬೇಕಂದ್ರೆ ದೋಸೇನೂ ಸುಧಾರಿಸ್ತು. ಸೊಳ್ಳೆ ಬತ್ತಿ, ಸಾಂಬ್ರಾಣಿ, ಊದುಬತ್ತಿ, ಕರ್ಪೂರ, ನುಸಿ ಗುಳಿಗೆ, ಜಿರಳೆ ಸ್ಪ್ರೇ, ಬಾಡಿ ಸ್ಪ್ರೇ ಎಲ್ಲಾ ಪಂಜರದಿಂದ ದೂರ. ದೇವರ ಮನೆ ಪಕ್ಕ ಪಂಜರ ಇಡೋ ಐಡಿಯಾ ಇದ್ರೆ ಬಿಟ್ಬಿಡಿ. ದೀಪಾವಳಿ ಮೂರು ದಿನ ಒಳಗಿನ ರೂಮು, ಕಿಟಕಿ ಮುಚ್ಚಿ.

ಅಂಗಡೀಲಿ ಏನು ನೋಡ್ಬೇಕು

ಮೊದಲ್ನೇ ಸಲ ಮಕ್ಕಳನ್ನ ಬಿಟ್ಟು ಹೋಗಿ. ಮಕ್ಕಳಿದ್ರೆ ನೀವು ಹಕ್ಕಿ ನೋಡಲ್ಲ, ಮಕ್ಕಳ ಮುಖ ನೋಡಿ ದುಡ್ಡು ತೆಗೀತೀರಿ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳೀಲಿ ನೋಂದಾಯಿಸಿದ್ಯಾ ಅಂತ ಕೇಳಿ, 2018ರ ಪೆಟ್ ಶಾಪ್ ನಿಯಮದ ಪ್ರಕಾರ ಅದು ಕಡ್ಡಾಯ, ಕೇಳಿದ್ರೆ ಕೆಲವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ಸಾಧ್ಯ ಆದ್ರೆ ಅಂಗಡಿಗಿಂತ ಮನೇಲೇ ಹಕ್ಕಿ ಮರಿ ಮಾಡ್ಸೋರ ಹತ್ರ ಹೋಗಿ, ಅಲ್ಲಿ ತಾಯಿ ತಂದೆ ಹಕ್ಕಿನೂ ನೋಡೋಕೆ ಸಿಗತ್ತೆ.

ಪಂಜರದ ಹತ್ರ ತಕ್ಷಣ ಹೋಗ್ಬೇಡಿ. ಹಕ್ಕಿ ಕಾಯಿಲೇನ ಮುಚ್ಚಿಡತ್ತೆ, ಕಾಡಲ್ಲಿ ಸೊರಗಿದ್ದು ಕಂಡ್ರೆ ಹದ್ದು ಎತ್ಕೊಂಡು ಹೋಗತ್ತಲ್ಲ, ಅದಕ್ಕೆ. ನೀವು ಹತ್ರ ಬಂದ್ರೆ ಚುರುಕಾದ ಹಾಗೆ ನಾಟಕ ಆಡತ್ತೆ. ಎಂಟು ಹತ್ತಡಿ ದೂರದಲ್ಲಿ ಕಾಲು ಗಂಟೆ ನಿಂತು ನೋಡಿ. ಮೈ ಉಬ್ಬಿಸ್ಕೊಂಡು ಮೂಲೇಲಿ ಕೂತಿರೋದು, ಹಗಲಲ್ಲೇ ಎರಡೂ ಕಾಲೂರಿ ತೂಕಡಿಸೋದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡೋದು, ಬೇಡ. ಆಮೇಲೆ ಹತ್ರ ಹೋಗಿ ಮೂಗಿನ ತೂತು ಒದ್ದೆಯಾಗಿದ್ಯಾ, ಕಣ್ಣಲ್ಲಿ ನೀರಿದ್ಯಾ, ಬಾಲದ ಬುಡದ ಪುಕ್ಕ ಹಿಕ್ಕೆ ಅಂಟಿ ಕೊಳೆಯಾಗಿದ್ಯಾ, ಕೊಕ್ಕಿನ ಸುತ್ತ ಸುಣ್ಣದ ಗಾರೆ ಹಾಗೆ ಪೊರೆ ಬಂದಿದ್ಯಾ (ಅದು ನುಸಿ ರೋಗ) ನೋಡಿ. ಒಂದೇ ಪಂಜರದಲ್ಲಿ ಎರಡು ಕಾಯಿಲೆ ಹಕ್ಕಿ ಕಂಡ್ರೆ ಆ ಅಂಗಡಿಯಿಂದ ಚೆನ್ನಾಗಿರೋದನ್ನೂ ತರ್ಬೇಡಿ. ಪಾಪ ಅಂತ ಸೊರಗಿರೋದನ್ನ ಕೊಂಡ್ಕೊಂಡ್ರೆ ಅಂಗಡಿಯೋನು ಅಂಥದೇ ಇನ್ನೊಂದು ತಂದಿಡ್ತಾನೆ.

ಬಜ್ಜೀಲಿ ವಯಸ್ಸು ಗುರುತಿಸೋದು ಸುಲಭ. ಎಳೇದ್ರ ಹಣೆ ಮೇಲಿನ ಕಪ್ಪು ಗೆರೆ ಮೂಗಿನ ತನಕ ಬಂದಿರತ್ತೆ, ಕಣ್ಣು ಪೂರ್ತಿ ಕಪ್ಪು ಗುಂಡಿ. ಮೂರ್ನಾಲ್ಕು ತಿಂಗಳಾದ್ಮೇಲೆ ಹಣೆ ತಿಳಿಯಾಗತ್ತೆ, ಆಮೇಲಾಮೇಲೆ ಕಣ್ಣಿನ ಸುತ್ತ ಬಿಳೀ ಉಂಗುರ ಬರತ್ತೆ. ಆರರಿಂದ ಹತ್ತು ವಾರದ ಒಳಗಿನದು ಸಿಕ್ಕಿದ್ರೆ ಬೇಗ ಪಳಗತ್ತೆ. ಮೂಗಿನ ಮೇಲಿನ ಮೆತ್ತನೆ ಭಾಗ ದೊಡ್ಡ ಗಂಡಲ್ಲಿ ನೀಲಿ, ಹೆಣ್ಣಲ್ಲಿ ಕಂದು. ಪೂರ್ತಿ ಹಳದಿ, ಪೂರ್ತಿ ಬಿಳಿ ಹಕ್ಕೀಲಿ ಮಾತ್ರ ಗಂಡಿಗೂ ಗುಲಾಬಿಯೇ ಇರತ್ತೆ, ಅಲ್ಲಿ ಅಂಗಡಿಯೋನ ಮಾತಿಗೆ ತಲೆ ಆಡಿಸ್ಬೇಡಿ.

ಈಗ ಆ ಸತ್ತ ಮರಿ ವಿಷ್ಯ. ಕಾಕಟೀಲ್ ತಗೊಳೋಕೆ ಹೋದಾಗ ಒಬ್ರು "ಹ್ಯಾಂಡ್ ಫೀಡಿಂಗ್ ಮರಿ ತಗೊಳ್ಳಿ ಸಾರ್, ನಿಮ್ಮ ಕೈಯಲ್ಲೇ ತಿಂದು ದೊಡ್ಡದಾದ್ರೆ ನಿಮ್ಮನ್ನೇ ಅಮ್ಮ ಅಂದ್ಕೊಳತ್ತೆ" ಅಂದ್ರು. ಮೂರು ವಾರದ ಮರಿ, ಪುಕ್ಕ ಪೂರ್ತಿ ಬಂದಿಲ್ಲ, ಜೊತೆಗೆ ಒಂದು ಸಿರಿಂಜು, ಒಂದು ಡಬ್ಬಿ ಪುಡಿ. ಮಕ್ಕಳಿಗಂತೂ ಸ್ವರ್ಗ. ದಿನಕ್ಕೆ ನಾಲ್ಕೈದು ಸಲ ತಿನ್ನಿಸ್ಬೇಕು, ಊಟದ ಬಿಸಿ 40 ಡಿಗ್ರಿ ಆಸುಪಾಸೇ ಇರ್ಬೇಕು, ಜಾಸ್ತಿ ಆದ್ರೆ ಕೊರಳಚೀಲ ಸುಡತ್ತೆ, ತಣ್ಣಗಾದ್ರೆ ಜೀರ್ಣ ಆಗ್ದೆ ಹುಳಿಯತ್ತೆ, ಸಿರಿಂಜು ಒಂಚೂರು ತಪ್ಪಿದ್ರೆ ಶ್ವಾಸನಾಳಕ್ಕೆ ಹೋಗತ್ತೆ. ನಮ್ದು ಮೂರನೇದು ಆಯ್ತು. ಆರನೇ ದಿನ ಬೆಳಗ್ಗೆ ಎದ್ದು ನೋಡಿದ್ರೆ ಡಬ್ಬೀಲಿ ತಣ್ಣಗೆ. ಮಗ್ಳು ಅವತ್ತು ಸ್ಕೂಲಿಗೆ ಹೋಗ್ಲಿಲ್ಲ. ಕೈಗೆ ಬಂದ ಹಕ್ಕಿ ಬೇಕಾದ್ರೆ ತಾನೇ ಕಾಳು ಒಡ್ಕೊಂಡು ತಿನ್ನೋದನ್ನ ಕಲ್ತಿರೋದು ಕೇಳಿ, ಕಾಕಟೀಲ್ ಆದ್ರೆ ಹತ್ತು ವಾರ ದಾಟಿರೋದು, ನಿಮ್ಮ ಕಣ್ಣೆದುರಿಗೇ ಕಾಳು ತಿಂದು ತೋರಿಸ್ಬೇಕು. ಹಕ್ಕಿ ಹಚ್ಕೊಳೋದು ಸಿರಿಂಜಿಂದಲ್ಲ, ದಿನಾ ಪಕ್ಕದಲ್ಲಿ ಕೂರೋದ್ರಿಂದ, ನಮ್ಮ ಈಗಿನ ಕಾಕಟೀಲ್ ಅದಕ್ಕೆ ನಾಲ್ಕು ತಿಂಗಳಾದ್ಮೇಲೆ ಬಂದಿದ್ದು, ಈಗ ಮಗ್ಳ ಹೆಗಲು ಬಿಟ್ಟು ಇಳಿಯಲ್ಲ.

ಊಟ, ಡಾಕ್ಟ್ರು

ಕಾಳಿನ ವಿಷ್ಯದಲ್ಲಿ ಕರ್ನಾಟಕದೋರು ಅದೃಷ್ಟವಂತರು, ಪ್ಯಾಕೆಟ್‌ನಲ್ಲಿ ದುಬಾರಿಗೆ ಬರೋ ಮಿಲೆಟ್ ನಮ್ಮ ಕಿರಾಣಿ ಅಂಗಡಿ ನವಣೆ, ಸಾಮೆ, ಸಜ್ಜೆಯೇ. ಊರಿಂದ ನವಣೆ ತೆನೆ ಸಿಕ್ಕಿದ್ರೆ ತಂದು ಒಣಗಿಸಿಟ್ಕೊಳ್ಳಿ, ಹಕ್ಕಿ ಪಳಗ್ಸೋಕೆ ಅದಕ್ಕಿಂತ ಒಳ್ಳೇ ಲಂಚ ಇಲ್ಲ. ಬರೀ ಕಾಳು ಸಾಲದು, ಕೊತ್ತಂಬರಿ, ನುಗ್ಗೆ ಸೊಪ್ಪು, ಮೆಂತ್ಯ, ಕ್ಯಾರೆಟ್ ತುರಿ, ಎಳೇ ಜೋಳ ಚೆನ್ನಾಗಿ ತೊಳೆದು ಕೊಡಿ, ಸೂರ್ಯಕಾಂತಿ ಬೀಜ ಬಾಯಿ ಚಪಲಕ್ಕೆ ಅಷ್ಟೇ, ಕೊಬ್ಬು ಜಾಸ್ತಿ. ಮೆಣಸಿನಕಾಯಿ ಕೊಟ್ರೆ ಖುಷಿಯಾಗಿ ತಿನ್ನತ್ತೆ, ಹಕ್ಕಿಗೆ ಖಾರ ಗೊತ್ತಾಗಲ್ಲ, ಅದನ್ನ ನೋಡಿ ನಮ್ಮ ಮಗನೂ ಒಂದು ಕಚ್ಚಿ ಮನೆ ಎತ್ತಿ ಹಾಕಿದ. ಬೆಣ್ಣೆ ಹಣ್ಣು (ಅವಕಾಡೊ) ವಿಷ, ಚಾಕ್ಲೇಟ್, ಕಾಫಿ, ಉಪ್ಪಿನ ತಿಂಡಿ, ಈರುಳ್ಳಿ ಬೇಡ. ಮಕ್ಕಳಿಗೆ ಇದನ್ನ ಬಾಯಿಪಾಠ ಮಾಡಿಸಿ, ಯಾಕಂದ್ರೆ ತಾವು ತಿನ್ನೋದ್ರಲ್ಲಿ ಪಾಲು ಕೊಡೋದು ಅವ್ರೇ. ಮಗು ತನ್ನ ಬಾಯಿಂದ ಹಕ್ಕಿ ಬಾಯಿಗೆ ಕೊಡೋದು ವಿಡಿಯೋದಲ್ಲಿ ಮುದ್ದಾಗಿ ಕಾಣತ್ತೆ, ಮಾಡಿಸ್ಬೇಡಿ.

ಹಕ್ಕಿ ಮುಟ್ಟಿದ್ಮೇಲೆ, ತಟ್ಟೆ ತೆಗೆದ್ಮೇಲೆ ಸೋಪು ಹಾಕಿ ಕೈ ತೊಳೀಬೇಕು. ಗಿಣಿಗಳಿಂದ ಸಿಟಾಕೋಸಿಸ್ ಅನ್ನೋ ಜ್ವರ ಬರೋದು ಅಪರೂಪ, ಆದ್ರೆ ಬರತ್ತೆ, ಒಣಗಿದ ಹಿಕ್ಕೆ ಧೂಳು ಮೂಗಿಗೆ ಹೋಗಿ. ಹಾಗಾಗಿ ಪೇಪರ್ ಒಣಗಿದ್ದು ಗುಡಿಸ್ಬೇಡಿ, ನೀರು ಚಿಮುಕಿಸಿ ಮಡಚಿ ತೆಗೀರಿ, ಆ ಕೆಲ್ಸ ಬಸುರಿಯರು ಮಾಡೋದು ಬೇಡ. ಮನೇಲಿ ಯಾರ್ಗಾದ್ರೂ ಜ್ವರ ಕೆಮ್ಮು ಬಂದು ವಾರ ಆದ್ರೂ ಬಿಡ್ಲಿಲ್ಲ ಅಂದ್ರೆ ಮನೇಲಿ ಹಕ್ಕಿ ಇದೆ ಅಂತ ಡಾಕ್ಟ್ರಿಗೆ ಹೇಳೋದು ಮರೀಬೇಡಿ.

ಹಕ್ಕಿ ನೋಡೋ ಡಾಕ್ಟ್ರು ಹುಡ್ಕೋದು ತರೋ ಮುಂಚೆ, ಕಾಯಿಲೆ ಬಂದ್ಮೇಲಲ್ಲ. ಊರಿನ ದನದ ಡಾಕ್ಟ್ರು ಒಳ್ಳೆಯೋರೇ, ಆದ್ರೆ 35 ಗ್ರಾಂ ಹಕ್ಕಿಗೆ ಔಷಧಿ ಲೆಕ್ಕ ಹಾಕೋ ಅಭ್ಯಾಸ ಎಲ್ರಿಗೂ ಇರಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯ ಕಾಲೇಜು ಇದೆ, ಹತ್ರ ಇರೋರು ಮೊದ್ಲು ಅಲ್ಲಿ ವಿಚಾರಿಸಿ. ಅಡುಗೆ ಮನೆ ತಕ್ಕಡೀಲಿ ವಾರಕ್ಕೊಂದ್ಸಲ ಹಕ್ಕಿ ತೂಕ ನೋಡಿ ಕ್ಯಾಲೆಂಡರ್‌ನಲ್ಲಿ ಬರೀಲಿ ಮಕ್ಕಳು, ಬಜ್ಜಿ ಮೂರ್ನಾಲ್ಕು ಗ್ರಾಂ ಇಳಿದಿದ್ರೆ ಹೊರಗೆ ಏನೂ ಕಾಣ್ದೆ ಇದ್ರೂ ಹೊರಡಿ.

ರಜಕ್ಕೆ ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅನ್ನೋದೂ ಈಗ್ಲೇ ಮಾತಾಡಿಟ್ಕೊಳ್ಳಿ. ನಮ್ಮದು ಕೆಳಗಿನ ಮನೆ ಆಂಟಿ, ಬದಲಿಗೆ ಅವ್ರ ತುಳಸಿಗೆ ನಾವು ನೀರು ಹಾಕ್ತೀವಿ.

ತರೋ ದಿನ

ಬೆಳಗ್ಗೆ ಹೋಗಿ ತನ್ನಿ, ಸಂಜೆ ಬೇಡ. ಹೊಸ ಪಂಜರದಲ್ಲಿ ನೀರು ಎಲ್ಲಿದೆ ಕಾಳು ಎಲ್ಲಿದೆ ಅಂತ ಕತ್ಲಾಗೋ ಮುಂಚೆ ಅದಕ್ಕೆ ಗೊತ್ತಾಗ್ಬೇಕು. ಪಂಜರ ಸ್ಕೂಟರ್ ಮುಂದೆ ಇಟ್ಕೊಂಡು ಗಾಳೀಲಿ ತರ್ಬೇಡಿ, ತೂತು ಮಾಡಿದ ರಟ್ಟಿನ ಡಬ್ಬಿ, ಮೇಲೊಂದು ಹತ್ತಿ ಬಟ್ಟೆ. ಅಂಗಡೀಲಿ ಏನು ತಿಂತಿತ್ತೋ ಅದೇ ಕಾಳು ಅರ್ಧ ಕೇಜಿ ಕಟ್ಟಿಸ್ಕೊಂಡು ಬನ್ನಿ, ಬದಲಾವಣೆ ಆಮೇಲೆ ನಿಧಾನಕ್ಕೆ. ರಸೀದಿ ಕೇಳಿ ಇಸ್ಕೊಳ್ಳಿ. ಮನೇಲಿ ಬೇರೆ ಹಕ್ಕಿ ಇದ್ರೆ ಹೊಸದನ್ನ ಒಂದು ತಿಂಗಳು ಬೇರೆ ರೂಮಲ್ಲಿಡಿ.

ಪಂಜರ ಹಾಲ್‌ನಲ್ಲಿ, ಒಂದು ಕಡೆ ಗೋಡೆಗೆ ತಾಗಿಸಿ, ಮಕ್ಕಳ ಕಣ್ಣೆತ್ತರಕ್ಕೆ. ಮೊದಲ್ನೇ ವಾರ ಮಕ್ಕಳ ಕುರ್ಚಿ ಪಂಜರದಿಂದ ನಾಲ್ಕಡಿ ದೂರ, ನಾವು ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳ್ದಿದ್ವಿ, ಅಲ್ಲಿ ಕೂತು ಹೋಂವರ್ಕ್ ಮಾಡ್ಲಿ, ಜೋರಾಗಿ ಓದ್ಲಿ, ಹಕ್ಕಿಗೆ ಧ್ವನಿ ಪರಿಚಯ ಆಗತ್ತೆ. ಎರಡನೇ ವಾರ ಗೆರೆ ಎರಡಡಿಗೆ. ಆಮೇಲೆ ಕಂಬಿ ಸಂದೀಲಿ ನವಣೆ ತೆನೆ, ತಿಂದು ಅಭ್ಯಾಸ ಆದ್ಮೇಲೆ ಬಾಗ್ಲು ತೆಗ್ದು ಕೈಯಲ್ಲಿ ತೆನೆ, ಆಮೇಲೆ ಎದೆ ಕೆಳಗೆ ಬೆರಳು ತಾಗಿಸಿ "ಬಾ" ಅನ್ನೋ ಒಂದೇ ಪದ. ಎಲ್ರೂ ಅದೇ ಪದ ಹೇಳ್ಬೇಕು. ನಮ್ಮನೇಲಿ ಒಬ್ಬೊಬ್ರು ಒಂದೊಂದು ಹೇಳಿ ಹಕ್ಕಿಗೆ ತಲೆ ಕೆಟ್ಟು ಹೋಗಿತ್ತು.

ರಾತ್ರಿ ಎಂಟೂವರೆಗೆ ಪಂಜರದ ಮೂರು ಕಡೆ ತೆಳ್ಳಗಿನ ಬಟ್ಟೆ ಮುಚ್ಚಿ, ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು, ಟಿವಿ ಬೇರೆ ರೂಮಿಗೆ ಹೋಗ್ಲಿ ಇಲ್ಲಾ ನೀವು ಬೇಗ ಮಲ್ಕೊಳ್ಳಿ. ಕಾಕಟೀಲ್ ಆದ್ರೆ ಒಂದು ಸಣ್ಣ ಝೀರೋ ಬಲ್ಬ್ ಉರೀತಾ ಇರ್ಲಿ, ಕತ್ತಲಲ್ಲಿ ಹಲ್ಲಿ ಸರಿದ ಸದ್ದಿಗೂ ಬೆಚ್ಚಿಬಿದ್ದು ಪಂಜರಕ್ಕೆ ಬಡ್ಕೊಂಡು ರೆಕ್ಕೆ ಗಾಯ ಮಾಡ್ಕೊಳತ್ತೆ. ಕರೆಂಟ್ ಹೋದ್ರೆ ಆ ಬಲ್ಬ್ ಯುಪಿಎಸ್ ಲೈನಲ್ಲಿದ್ಯಾ ಅಂತ ಒಂದ್ಸಲ ನೋಡ್ಕೊಳ್ಳಿ, ನಾವು ಅದನ್ನ ಕಂಡ್ಕೊಂಡಿದ್ದು ರಾತ್ರಿ ಎರಡು ಗಂಟೆಗೆ.